ಎಂಬತ್ತೆಂಟನೇ ಗಾಡಿಯ ಶಾಫ್ಟ್

ಮೊಕೊರಾ ಹೊಳೆಬಾಯಿ, ಪಶ್ಚಿಮ ಕರಾವಳಿ
ಜೂನ್ 14, 1993

ಮಾನ್ಯ ಹೆಡ್ಲಿ ಮೆಕ್‌ಫೇಲ್ ಅವರಿಗೆ,

ನನ್ನ ಹೆಸರು ಐಲ್ಸಾ ಪ್ಯಾಸ್ಕೋ. ನಮಗೆ ಪರಿಚಯವಿಲ್ಲ. ಬಿಟರ್ನ್ ಗಾಡಿಯ ಬಿಡಿಭಾಗಗಳೆಲ್ಲ ಗೋರ್ ಪೇಟೆಯಾಚೆ ನಿಮ್ಮ ಶೆಡ್ಡಿನಲ್ಲಿ ಬಂದು ಬಿದ್ದಿವೆ, ಆದರೆ ನೀವು ಕೈ ಬಿಚ್ಚುವ ಆಸಾಮಿಯಲ್ಲ ಎಂದು ಇಲ್ಲಿಯ ವೆಲ್ಡಿಂಗ್ ಅಂಗಡಿಯವನು ಹೇಳಿದ. ಅವನು ಇನ್ನೂ ಏನೇನೋ ಹೇಳಿದ. ಅದನ್ನು ಬರೆಯುವುದಿಲ್ಲ, ನನಗೆ ನಿಮ್ಮಿಂದ ಕೆಲಸ ಆಗಬೇಕಿದೆ.

ನಮ್ಮದು 1972ರ ಬಿಟರ್ನ್. ಕೆಸರಿನಲ್ಲಿ ಓಡಿ ನೀರಿನಲ್ಲಿ ತೇಲುವ ಆರು ಚಕ್ರದ್ದು, ತಗಡಿನ ಮೇಲೆ ಹೊಡೆದ ನಂಬರು ಎಂಬತ್ತೆಂಟು. ನನ್ನ ಗಂಡ ಟ್ಯಾಸ್ ಹೊಸದನ್ನೇ ತಂದದ್ದು. ಮೇ ತಿಂಗಳಲ್ಲಿ ಅಂಗಳದಿಂದ ಹೊರಗೆ ತೆಗೆಯುವಾಗ, ಗೇರ್‌ಬಾಕ್ಸಿನಿಂದ ನಡುವಿನ ಚಕ್ರಗಳಿಗೆ ಹೋಗುವ ಶಾಫ್ಟ್ ಟಕ್ಕನೆ ಮುರಿಯಿತು. ಗ್ರೇಮೌತ್‌ನ ಲೇತ್‌ನವನು ಹೊಸದೊಂದು ಮಾಡಿಕೊಟ್ಟ. ಮೂರನೇ ಎಳೆತಕ್ಕೆ ಅದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು.

ಹೊಳೆಯ ಮೇಲೆ ನಿಂತು ಬಲೆ ಇಳಿಸುವ ನಮ್ಮ ಬಿಳಿಮೀನಿನ ಅಟ್ಟಣೆ ಇರುವುದು ಜೌಗಿನ ಆಚೆ, ಎರಡು ಮೈಲಿ ಕೆಸರು ದಾಟಿ. ದೋಣಿ ಅಲ್ಲಿಗೆ ಬರುವುದಿಲ್ಲ. ಮೂವತ್ತು ವರ್ಷದ ಹಿಂದೆ ನಡೆದು ಹೋಗುತ್ತಿದ್ದೆವು, ಈಗ ನಮ್ಮಿಬ್ಬರ ಮಂಡಿಗಳೂ ಅದಕ್ಕೆ ಒಪ್ಪುವುದಿಲ್ಲ. ಸೆಪ್ಟೆಂಬರ್ ಒಂದಕ್ಕೆ ಮೀನು ಹೊಳೆ ಹತ್ತಲು ಶುರು. ಮೊದಲ ಎರಡು ವಾರದಲ್ಲಿ ಲೈಸೆನ್ಸ್ ಇದ್ದವನು ಬಂದು ಬಲೆ ಇಳಿಸದಿದ್ದರೆ, ಅಟ್ಟಣೆ ಪಟ್ಟಿಯಲ್ಲಿ ಮುಂದಿರುವವನ ಪಾಲು. ಮುಂದಿರುವವನು ಕೆವ್ ಡ್ರೆನನ್, ನಮ್ಮ ಕೆಳಗಿನ ಅಟ್ಟಣೆಯವನು. ಹದಿನೈದು ವರ್ಷದಿಂದ ನಮ್ಮ ಜಾಗದ ಮೇಲೆ ಕಣ್ಣಿಟ್ಟಿದ್ದಾನೆ.

ಅದನ್ನು ಕಟ್ಟಿದ್ದು ಟ್ಯಾಸ್‌ನ ಅಜ್ಜ. ಟ್ಯಾಸ್‌ಗೆ ಅರವತ್ತೊಂಬತ್ತು, ಒಂದೇ ಒಂದು ಮೊದಲ ದಿನವನ್ನೂ ಅವನು ತಪ್ಪಿಸಿಲ್ಲ. ಅಟ್ಟಣೆ ಹೋದರೆ ಟ್ಯಾಸ್ ಉಳಿಯುವುದಿಲ್ಲ. ಸುಮ್ಮನೆ ಬಣ್ಣ ಕಟ್ಟಿ ಬರೆದ ಮಾತಲ್ಲ ಇದು. ಗಾಡಿ ಕೆಟ್ಟಾಗಿನಿಂದ ಅವನು ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತಾನೆ, ಪೇಪರು ಸಹ ಮುಟ್ಟುವುದಿಲ್ಲ.

ಉಳಿದಂತೆ ಗಾಡಿ ಗಟ್ಟಿಮುಟ್ಟಾಗಿದೆ. ಹೋದ ಸಲದ ಕೊನೆಯ ದಿನ ಹಾಡಹಗಲೇ ಭರತದ ಕಾಲುವೆಗೆ ಮಗುಚಿಕೊಂಡೆವು. ನಾನು ಕುತ್ತಿಗೆವರೆಗೂ ನೆನೆದೆ. ಆದರೂ ಅದು ತೇಲಿಕೊಂಡು ಮನೆಗೆ ತಂದು ಬಿಟ್ಟಿತು. ದಾರಿಯುದ್ದಕ್ಕೂ ನಾನು ನಕ್ಕಿದ್ದೇ ನಕ್ಕಿದ್ದು. ಟ್ಯಾಸ್ ಅಷ್ಟಾಗಿ ನಗುವ ಮನುಷ್ಯನಲ್ಲ.

ಈ ಶಾಫ್ಟ್ ಜಗತ್ತಿನಲ್ಲೇ ಇಲ್ಲ ಎಂದು ಟ್ಯಾಸ್ ಹೇಳುತ್ತಾನೆ. ನಾನು ನಿಮಗೆ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ಶಾಫ್ಟನ್ನು ತಂದು ಅವನ ಮಡಿಲಿಗೆ ಹಾಕಿ ಮುಖ ನೋಡಬೇಕು ನನಗೆ. ಇದೆಯೋ ಇಲ್ಲವೋ ತಿಳಿಸಿ.

ಐಲ್ಸಾ ಪ್ಯಾಸ್ಕೋ

*

ಗೋರ್, ಸೌತ್‌ಲ್ಯಾಂಡ್
ಜೂನ್ 21, 1993

ಶ್ರೀಮತಿ ಪ್ಯಾಸ್ಕೋ,

ಶಾಫ್ಟ್ ಇದೆ. ಒಂದೇ ಒಂದು ಇದೆ. ಕೊಡುತ್ತೇನೆ ಎಂದು ಹೇಳಿಲ್ಲ, ಇದೆ ಎಂದು ಹೇಳಿದೆ. ಎರಡಕ್ಕೂ ವ್ಯತ್ಯಾಸವಿದೆ.

ನನ್ನ ಬಗ್ಗೆ ವೆಲ್ಡಿಂಗ್ ಅಂಗಡಿಯವನು ಹೇಳಿದ್ದನ್ನು ಬರೆಯುವುದಿಲ್ಲ ಎನ್ನುತ್ತಲೇ ಅರ್ಧ ಬರೆದಿದ್ದೀರಿ. ಉಳಿದರ್ಧ ನಾನು ಬೇರೆಯವರಿಂದ ಕೇಳಿದ್ದೇನೆ.

ಬಿಟರ್ನ್ ಗಾಡಿಗಳನ್ನು ಮಾಡಿದ್ದು ಇನ್ನೂರ ಹನ್ನೊಂದು. ಅಷ್ಟಕ್ಕೂ ಶಾಫ್ಟ್ ತಿರುಗಿಸಿದ್ದು ನಾನು, ಇದೇ ಎರಡು ಕೈಯಿಂದ. ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಸಾಮಾನನ್ನೆಲ್ಲ ಮನೆಗೆ ತಂದೆ. ಹತ್ತೊಂಬತ್ತು ವರ್ಷದಿಂದ ನನ್ನ ಕ್ರಮ ಒಂದೇ. ಮೊದಲು ಮುರಿದದ್ದು ನನ್ನ ಕೈಗೆ ಬರಬೇಕು, ಆಮೇಲೆ ಹೊಸದು ಹೋಗುತ್ತದೆ. ಮುರಿದದ್ದನ್ನು ನೋಡಿದರೆ ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ತಿಳಿಯುತ್ತದೆ. ಕತ್ತೆ ದುಡಿಸಿದ ಹಾಗೆ ದುಡಿಸಿದವರಿಗೆ ನಾನು ಒಂದು ನಟ್ಟನ್ನೂ ಕೊಡುವುದಿಲ್ಲ.

ಇನ್ನೊಂದು ಮಾತು. ಇದ್ದದ್ದನ್ನು ಇದೆ ಎನ್ನುತ್ತೇನೆ, ಇಲ್ಲದ್ದನ್ನು ಇಲ್ಲ ಎನ್ನುತ್ತೇನೆ. ಇದ್ದೂ ಇಲ್ಲ ಎಂದು ಇಂದಿನವರೆಗೆ ಯಾರಿಗೂ ಬರೆದಿಲ್ಲ. ಹಾಗೆಯೇ ನನಗೂ ಯಾರೂ ಸುಳ್ಳು ಬರೆಯಬಾರದು.

ಅಟ್ಟಣೆ, ಅಜ್ಜ, ಗಂಡನ ಮುಖ, ಇವೆಲ್ಲ ನನಗೆ ಬೇಡ. ಎರಡು ತುಂಡನ್ನೂ ಕಳಿಸಿ.

ಎಚ್. ಮೆಕ್‌ಫೇಲ್

*

ಮೊಕೊರಾ ಹೊಳೆಬಾಯಿ
ಜೂನ್ 28, 1993

ಮೆಕ್‌ಫೇಲ್ ಅವರಿಗೆ,

ಎರಡು ತುಂಡೂ ಈ ಪಾರ್ಸೆಲಿನಲ್ಲಿವೆ. ಶೆಡ್ಡಿನ ಹಿಂದಿನ ಗುಜರಿ ರಾಶಿಯ ಅಡಿಯಿಂದ ಎಳೆದು ತೆಗೆದದ್ದು ನಾನೇ. ನನಗೆ ಅರವತ್ತನಾಲ್ಕು, ಬೆನ್ನು ಇನ್ನೂ ಬೈಯುತ್ತಿದೆ. ಟ್ಯಾಸ್ ಡಾಕ್ಟರ ಹತ್ತಿರ ಹೋಗಿದ್ದ ಹೊತ್ತು ನೋಡಿ ಈ ಕೆಲಸ ಮಾಡಿದೆ. ಯಾವ ಡಾಕ್ಟರು, ಏನು ಕಾಯಿಲೆ ಎಂದು ಕೇಳಿದರೆ ಅವನು ಬಾಯಿ ಬಿಡುವುದಿಲ್ಲ. ಮನಸ್ಸಿಗೆ ಹಚ್ಚಿಕೊಂಡವರಿಗೆ ಒಂದಲ್ಲ ಒಂದು ನೋವು ಇದ್ದೇ ಇರುತ್ತದೆ. ನಿನ್ನೆ ಟೀ ಸುರಿಯುವಾಗ ಕಪ್ಪಿನ ಆಚೆಗೆ ಸುರಿದ. ಅಷ್ಟರ ಮಟ್ಟಿಗೆ ಗಾಡಿಯ ಯೋಚನೆ ಅವನಿಗೆ.

ನಿಮಗೆ ಇದೆಲ್ಲ ಬೇಡ ಎಂದು ಬರೆದಿದ್ದೀರಿ. ಬೇಡದಿದ್ದರೆ ಓದಬೇಡಿ. ಒಂದು ಕಬ್ಬಿಣದ ತುಂಡು ಕೇಳಿದರೆ ಜಾತಕ ಕೇಳುವವರನ್ನು ನಾನು ಇದೇ ಮೊದಲು ನೋಡಿದ್ದು. ನಿಮ್ಮ ಪರೀಕ್ಷೆ ಮುಗಿಸಿ ಬೇಗ ಶಾಫ್ಟ್ ಕಳಿಸಿ.

ಐಲ್ಸಾ ಪ್ಯಾಸ್ಕೋ

*

ಗೋರ್
ಜುಲೈ 9, 1993

ಶ್ರೀಮತಿ ಪ್ಯಾಸ್ಕೋ,

ತುಂಡುಗಳು ತಲುಪಿದವು. ಮುರಿದ ಮುಖಕ್ಕೆ ಮಣ್ಣು, ಜಿಡ್ಡು ಮೆತ್ತಿತ್ತು. ಒಂದನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ.

ಇದು ಮುರಿದದ್ದಲ್ಲ. ಕೊಯ್ದದ್ದು.

ಕಬ್ಬಿಣ ಕೊಯ್ಯುವ ಗರಗಸದಲ್ಲಿ ಮುಕ್ಕಾಲು ಪಾಲು ಕೊಯ್ದು, ಉಳಿದ ಕಾಲು ಪಾಲು ತಾನಾಗಿ ಕಿತ್ತುಹೋಗುವಂತೆ ಬಿಟ್ಟಿದ್ದಾರೆ. ಹಲ್ಲಿನ ಗೀರುಗಳು ಎಣಿಸುವ ಹಾಗಿವೆ.

ನನಗೆ ಇದು ಹೊಸದಲ್ಲ. ಆಕ್ಲೆಂಡಿನ ಷೋಕಿಯ ಜನ ಹಳೆಯ ಗಾಡಿಗಳನ್ನು ತಂದು, ಬಣ್ಣ ಬಳಿದು ಪ್ರದರ್ಶನಕ್ಕೆ ನಿಲ್ಲಿಸುತ್ತಾರೆ. ಮುರಿದದ್ದು ಕಳಿಸಬೇಕೆಂಬ ನನ್ನ ಕ್ರಮ ಅವರಿಗೆ ಗೊತ್ತು. ಹಾಗಾಗಿ ಯಾವುದೋ ಹಾಳು ಶಾಫ್ಟನ್ನು ಕೊಯ್ದು ಕಳಿಸಿ, ನನ್ನಿಂದ ಒಳ್ಳೆಯದನ್ನು ಕಿತ್ತು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಮೂವರು ಹೀಗೆ ಮಾಡಿದ್ದಾರೆ. ನೀವು ನಾಲ್ಕನೆಯವರು. ಅಜ್ಜ ಕಟ್ಟಿದ ಅಟ್ಟಣೆ, ಮಾತಾಡದ ಗಂಡ, ಚೆಲ್ಲಿದ ಟೀ, ಕಥೆಯನ್ನು ಚೆನ್ನಾಗಿಯೇ ಹೆಣೆದಿದ್ದೀರಿ. ನನ್ನ ಕಿವಿಗೆ ಹೂವಿಡಲು ಅಷ್ಟು ಸಾಲದು.

ಶಾಫ್ಟ್ ಬರುವುದಿಲ್ಲ.

ಎಚ್. ಮೆಕ್‌ಫೇಲ್

*

ಮೊಕೊರಾ ಹೊಳೆಬಾಯಿ
ಜುಲೈ 13, 1993

ಮೆಕ್‌ಫೇಲ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರನೇ ಸಲ ಓದಿದ್ದರೆ ಒಲೆಗೆ ಹಾಕುತ್ತಿದ್ದೆ.

ನಾನು ಕಳ್ಳಿಯಂತೆ! ಈ ಹೊಳೆಬಾಯಿಗೆ ಬಂದು ಯಾರನ್ನಾದರೂ ಕೇಳಿ. ನಾನು ಜಗಳಗಂಟಿ ಎನ್ನುತ್ತಾರೆ, ಬಾಯಿ ಜೋರು ಎನ್ನುತ್ತಾರೆ, ಕಳ್ಳಿ ಎಂದು ಡ್ರೆನನ್ ಕೂಡ ಹೇಳುವುದಿಲ್ಲ. ಷೋಕಿಗೆ ಇಟ್ಟುಕೊಂಡ ಗಾಡಿಯಂತೆ! ನಮ್ಮ ಬಿಟರ್ನ್ ಒಳಗೆ ಇಪ್ಪತ್ತೊಂದು ವರ್ಷದ ಮೀನಿನ ವಾಸನೆ ಇದೆ, ಯಾವ ಪ್ರದರ್ಶನದವರೂ ಹತ್ತಿರ ಸೇರಿಸರು.

ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂದು ತಿಳಿಯಬೇಕಿತ್ತಲ್ಲ ನಿಮಗೆ? ಕೇಳಿಸಿಕೊಳ್ಳಿ. ಪ್ರತಿ ಭಾನುವಾರ ಟ್ಯಾಸ್ ಅದರ ಒಂದೊಂದು ಕೀಲಿಗೂ ಕುರಿಕೊಬ್ಬು ಹಚ್ಚುತ್ತಾನೆ. ಅಂಗಡಿಯ ಗ್ರೀಸ್ ಅವನಿಗೆ ಆಗದು, ಉಪ್ಪುನೀರಿಗೆ ಕುರಿಕೊಬ್ಬೇ ಸರಿ ಎಂದು ಅವನಪ್ಪ ಹೇಳಿದ್ದನಂತೆ. ಇಡೀ ಹೊಳೆಯ ಮೇಲೆ ಇನ್ನೂ ಹಾಗೆ ಮಾಡುವವನು ಅವನೊಬ್ಬನೇ. ಎಲ್ಲರೂ ನಗುತ್ತಾರೆ, ಅವನು ಬಿಟ್ಟಿಲ್ಲ. ಇಂಥ ಮನುಷ್ಯನ ಗಾಡಿಗೆ ನೀವು ಒಂದು ನಟ್ಟು ಕೊಡುವುದಿಲ್ಲ.

ಆದರೆ ಕೊಯ್ದದ್ದು ಎಂದಿರಲ್ಲ, ಆ ಒಂದು ಮಾತಿಗೆ ನಿಮಗೆ ಋಣಿ. ಯಾರು ಕೊಯ್ದಿರಬಹುದು ಎಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಶೆಡ್ಡಿಗೆ ಬೀಗವಿಲ್ಲ. ಅಟ್ಟಣೆ ಯಾರಿಗೆ ಬೇಕೋ ಅವನದೇ ಗರಗಸ.

ಅವನನ್ನು ನೋಡಿಕೊಂಡು ನಿಮಗೆ ಬರೆಯುತ್ತೇನೆ.

ಐಲ್ಸಾ ಪ್ಯಾಸ್ಕೋ

*

ಮೊಕೊರಾ ಹೊಳೆಬಾಯಿ
ಆಗಸ್ಟ್ 2, 1993

ಮೆಕ್‌ಫೇಲ್,

ಮೂರು ವಾರ ಆಯಿತು, ನಿಮ್ಮಿಂದ ಒಂದು ಸಾಲಿಲ್ಲ. ನಾಚಿಕೆಯಾಗಿರಬಹುದು ಎಂದುಕೊಂಡೆ. ನಿಮ್ಮ ಸ್ವಭಾವ ನೆನಪಾಗಿ ಆ ಯೋಚನೆ ಬಿಟ್ಟೆ.

ಡ್ರೆನನ್‌ನನ್ನು ಹಿಡಿದದ್ದು ಅಂಚೆ ಕಚೇರಿಯಲ್ಲಿ, ಶುಕ್ರವಾರ, ಪಿಂಚಣಿಯವರೆಲ್ಲ ಸಾಲಿನಲ್ಲಿ ನಿಂತಿದ್ದಾಗ. ಬೇಕೆಂದೇ ಆ ಹೊತ್ತಿಗೆ ಹೋದೆ. ಅವನ ಮುಖದೆದುರು ನಿಂತು, ನಿನ್ನ ಗರಗಸ ಎಲ್ಲಿ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲವಂತೆ. ಅರ್ಥವಾಗುವ ಹಾಗೆ ಹೇಳಿದೆ. ರಾತ್ರೋರಾತ್ರಿ ಪಕ್ಕದವನ ಶೆಡ್ಡಿಗೆ ನುಗ್ಗಿ ಗಾಡಿಯ ಸೊಂಟ ಕೊಯ್ಯುವವನು ಮನುಷ್ಯನೇ ಎಂದು ಎಲ್ಲರೆದುರು ನೀರಿಳಿಸಿದೆ.

ಅವನು ಕೋಪ ಮಾಡಿಕೊಳ್ಳಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಟೋಪಿ ತೆಗೆದು, "ಐಲ್ಸಾ, ನನ್ನನ್ನ ಬೈಯೋದು ಇರ್ಲಿ, ಮೊದ್ಲು ನಿನ್ ಗಂಡನ್ನ ಒಂದ್ಸಲ ಸರಿಯಾಗಿ ನೋಡು" ಅಂದು ಹೊರಟುಹೋದ. ನೋಡಿ ಅವನ ಸೊಕ್ಕು. ನನ್ನ ಗಂಡನನ್ನು ಕುಗ್ಗಿಸಿದವನೂ ಅವನೇ, ಕುಗ್ಗಿದ್ದಾನೆ ನೋಡು ಎಂದು ಆಡಿಕೊಳ್ಳುವವನೂ ಅವನೇ.

ಈಗ ಕಳ್ಳ ಯಾರೆಂದು ತಿಳಿಯಿತಲ್ಲ. ಇನ್ನು ನಾಲ್ಕೇ ವಾರ. ಶಾಫ್ಟ್ ಕಳಿಸಿ. ಕ್ಷಮೆ ಕೇಳಬೇಕಾಗಿಲ್ಲ, ಅದು ನಿಮಗೆ ಬರುವ ಕೆಲಸವಲ್ಲ.

ಐಲ್ಸಾ ಪ್ಯಾಸ್ಕೋ

*

ಗೋರ್
ಆಗಸ್ಟ್ 9, 1993

ಶ್ರೀಮತಿ ಪ್ಯಾಸ್ಕೋ,

ನೀವು ಷೋಕಿಯವರಲ್ಲ. ಅದು ನನ್ನ ತಪ್ಪು. ಕ್ಷಮೆ ಕೇಳುವುದು ನನಗೆ ಬರುವ ಕೆಲಸವಲ್ಲ ಎಂದು ನೀವೇ ಬರೆದಿರುವುದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಮೂರು ವಾರ ಸುಮ್ಮನಿದ್ದದ್ದು ನಾಚಿಕೆಯಿಂದಲ್ಲ. ನನಗೆ ತಿಳಿದದ್ದನ್ನು ಬರೆಯಬೇಕೇ ಬೇಡವೇ ಎಂದು. ಅಷ್ಟರಲ್ಲಿ ನೀವು ಊರೆಲ್ಲ ಸೇರಿದ ಜಾಗದಲ್ಲಿ ಒಬ್ಬನ ಮಾನ ಕಳೆದಿರಿ. ಇನ್ನು ಬರೆಯದೆ ಉಪಾಯವಿಲ್ಲ.

ತುಂಡುಗಳಲ್ಲಿ ಒಂದನ್ನು ಮಾತ್ರ ತೊಳೆದಿದ್ದೆ. ನಿಮ್ಮ ಜುಲೈ ಪತ್ರ ಬಂದ ಮೇಲೆ ಇನ್ನೊಂದನ್ನು ತೆಗೆದು ನೋಡಿದೆ. ನಾನು ಕಂಡದ್ದು ಇಷ್ಟು.

ಈ ಶಾಫ್ಟಿನ ಎರಡು ತುದಿಗಳನ್ನು ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತೇವೆ, ಅಲ್ಲಿ ಗರಗಸ ನಾಟುವುದಿಲ್ಲ. ನಡು ಮಾತ್ರ ಮೃದು. ಕೊಯ್ದವನು ತುದಿಗೆ ಒಂದು ಗೀರೂ ಹಾಕದೆ ನೇರ ನಡುವಿಗೇ ಹೋಗಿದ್ದಾನೆ. ಗಾಡಿಯನ್ನು ಬಲ್ಲವನು.

ಕೊಯ್ತದಲ್ಲಿ ಮೂರು ಮೆಟ್ಟಿಲಿವೆ. ಅಂದರೆ ಮೂರು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದ್ದಾನೆ. ಸದ್ದಿಗೆ ಹೆದರಿ ನಿಲ್ಲಿಸಿರಬಹುದು.

ಗರಗಸ ಸಲೀಸಾಗಿ ಓಡಲೆಂದು ಸಂದಿಗೆ ಏನೋ ಹಚ್ಚಿದ್ದಾನೆ. ಅದನ್ನು ಚೂರಿಯ ತುದಿಯಲ್ಲಿ ತೆಗೆದು ಒಲೆಯ ಹತ್ತಿರ ಹಿಡಿದೆ. ಅದು ಗ್ರೀಸ್ ಅಲ್ಲ, ಎಣ್ಣೆಯೂ ಅಲ್ಲ. ಕುರಿಕೊಬ್ಬು.

ನಿಮ್ಮ ಜುಲೈ 13ರ ಪತ್ರದ ಎರಡನೇ ಹಾಳೆಯನ್ನು ಇದರೊಂದಿಗೆ ವಾಪಸ್ ಕಳಿಸಿದ್ದೇನೆ. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ. ಇನ್ನು ಮುಂದಿನದು ನಿಮ್ಮ ಮನೆಯ ವಿಷಯ, ನಾನು ಮೂಗು ತೂರಿಸುವುದಿಲ್ಲ.

ಶಾಫ್ಟ್ ಅಟ್ಟದ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದೆ. ಬೇಕೋ ಬೇಡವೋ ಯೋಚಿಸಿ ಬರೆಯಿರಿ.

ಎಚ್. ಮೆಕ್‌ಫೇಲ್

*

ಮೊಕೊರಾ ಹೊಳೆಬಾಯಿ
ಆಗಸ್ಟ್ 18, 1993

ಮೆಕ್‌ಫೇಲ್ ಅವರಿಗೆ,

ನೀವು ಗೆರೆ ಎಳೆದ ಸಾಲನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಓದಿದೆ. ಇಡೀ ಹೊಳೆಯ ಮೇಲೆ ಇನ್ನೂ ಹಾಗೆ ಮಾಡುವವನು ಅವನೊಬ್ಬನೇ. ನನ್ನದೇ ಕೈಬರಹ. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೋರ್‌ನಲ್ಲಿ ಒಲೆ ಮುಂದೆ ಕೂತು ನನ್ನ ಗಂಡನನ್ನು ಹಿಡಿದುಹಾಕಲು ನಿಮಗೆ ಯಾರು ಅಧಿಕಾರ ಕೊಟ್ಟರು?

ಮನೆಗೆ ಬಂದು ಟ್ಯಾಸ್‌ನ ಗರಗಸ ನೋಡಿದೆ. ಹಲ್ಲಿನಲ್ಲಿ ಬಿಳಿಯ ಕೊಬ್ಬು ಇತ್ತು. ಅವನು ಅದನ್ನು ಒರೆಸುವ ಗೋಜಿಗೂ ಹೋಗಿಲ್ಲ. ಒರೆಸಿಲ್ಲವೋ, ಅದು ಅವನಿಗೆ ಕಾಣಲಿಲ್ಲವೋ.

ಏಕೆ ಕೊಯ್ದೆ ಎಂದು ನಾನು ಕೇಳಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದೇನೆ, ಅವನನ್ನು ಕೇಳಬಾರದ ಪ್ರಶ್ನೆಗಳು ಯಾವುವು ಎಂದು ನನಗೆ ಗೊತ್ತು. ಟೀ ಮಾಡಿ ಎದುರಿಗೆ ಕೂತು, ಗೋರ್‌ನಲ್ಲಿ ಒಬ್ಬ ಮುದುಕನ ಹತ್ತಿರ ಶಾಫ್ಟ್ ಇರಬಹುದಂತೆ, ಹುಡುಕಿ ಕಾಗದ ಬರೆಯುತ್ತಾನಂತೆ ಎಂದು ಹೇಳಿದೆ. ಮುಖ ನೋಡಬೇಕೆಂದಿದ್ದೆನಲ್ಲ, ನೋಡಿದೆ. ಬಣ್ಣ ಇಳಿದುಹೋಯಿತು. ಕಪ್ಪನ್ನು ತಡವಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ:

"ಸಿಕ್ಕಿದ್ರೆ ಒಳ್ಳೇದೇ ಆಯ್ತು. ಆದ್ರೆ ಈ ಸಲ ನೀನು ಮನೇಲೇ ಇರು ಐಲ್ಸಾ. ನಾನೊಬ್ನೇ ಹೋಗ್ತೀನಿ."

ನನಗೆ ಆಗ ಎಲ್ಲ ತಿಳಿಯಿತು. ಹೋದ ವರ್ಷ ಆ ಕಾಲುವೆಗೆ ಮಗುಚಿದ್ದು ಹಾಡಹಗಲು, ನೀರು ಪಳಪಳ ಹೊಳೆಯುತ್ತಿತ್ತು. ಕಾಲುವೆ ಹತ್ತು ಅಡಿ ಅಗಲ. ಅವನಿಗೆ ಅದು ಕಂಡಿರಲಿಲ್ಲ. ನಾನು ನೀರಿನೊಳಗೆ ನಗುತ್ತಿದ್ದೆ, ಅವನು ನನ್ನನ್ನು ಕೈಯಲ್ಲಿ ತಡಕಿ ಹುಡುಕುತ್ತಿದ್ದ. ತಡಕುತ್ತಿದ್ದ ಎಂದು ನನಗೆ ಆ ಕ್ಷಣ ಹೊಳೆಯಿತು, ಒಂಬತ್ತು ತಿಂಗಳಾದ ಮೇಲೆ. ಡಾಕ್ಟರು ಯಾವ ಡಾಕ್ಟರೆಂದೂ ಆಗಲೇ ಹೊಳೆಯಿತು. ಡ್ರೆನನ್‌ಗೆ ಗೊತ್ತಿತ್ತು. ಪಕ್ಕದ ಅಟ್ಟಣೆಯವನಿಗೆ ಕಂಡದ್ದು, ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಕಾಣಲಿಲ್ಲ.

ಕಣ್ಣು ಹೋಯಿತು, ಅಟ್ಟಣೆ ಬಿಡುತ್ತೇನೆ ಎಂದು ಪ್ಯಾಸ್ಕೋ ಮನೆಯವನು ಬಾಯಿಬಿಟ್ಟು ಹೇಳುವುದಿಲ್ಲ. ಹೊಳೆಯ ಮೇಲೆ ಯಾರೂ ಹೇಳುವುದಿಲ್ಲ, ಅಟ್ಟಣೆಯ ಮೇಲೇ ಸಾಯುತ್ತಾರೆ. ಗಾಡಿ ಕೆಟ್ಟು, ಭಾಗ ಸಿಗದೆ ಬಿಟ್ಟರೆ ಮಾತ್ರ ಅವಮಾನವಿಲ್ಲ. ಅದಕ್ಕೇ ಕೊಯ್ದ. ಇಪ್ಪತ್ತೊಂದು ವರ್ಷ ಮಗುವಿನ ಹಾಗೆ ನೋಡಿಕೊಂಡ ಗಾಡಿಯನ್ನು. ಮೂರು ಸಲ ನಿಲ್ಲಿಸಿದ್ದು ಸದ್ದಿಗೆ ಹೆದರಿ ಅಲ್ಲ, ಮೆಕ್‌ಫೇಲ್. ಅಷ್ಟು ಬುದ್ಧಿ ಇರುವ ನಿಮಗೆ ಅದು ತಿಳಿಯಬೇಕಿತ್ತು.

ಆ ದಿನದಿಂದ ಅವನು ಬಲೆ ತೆಗೆದು ಹೊಲಿಯುತ್ತ ಕೂತಿದ್ದಾನೆ. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಡುತ್ತಾನೆ, ನನ್ನ ಮುಖ ನೋಡುವುದಿಲ್ಲ. ದಿನಾ ಅಂಚೆಯ ಹೊತ್ತಿಗೆ "ಗೋರ್‌ನಿಂದ ಬಂತಾ?" ಎಂದು ಕೇಳುತ್ತಾನೆ. ಶಾಫ್ಟ್ ಬಂದರೆ ಅವನು ಹೋಗುವುದು ಖಂಡಿತ. ಒಬ್ಬನೇ ಹೋಗುತ್ತಾನೆ, ಮುಳುಗುತ್ತಾನೆ. ನನ್ನ ತಲೆಹರಟೆಯಿಂದ ಇಷ್ಟೆಲ್ಲ ಆಯಿತು.

ಆದ್ದರಿಂದ ಕೇಳುತ್ತಿದ್ದೇನೆ. ಟ್ಯಾಸ್ ಹೆಸರಿಗೆ ಒಂದು ಕಾಗದ ಬರೆಯಿರಿ. ಶಾಫ್ಟ್ ಇಲ್ಲ ಎಂದು ಬರೆಯಿರಿ. ಇನ್ನೇನೂ ಬೇಡ. ಅಟ್ಟಣೆ ಡ್ರೆನನ್‌ಗೇ ಹೋಗಲಿ. ಅವನಿಗೆ ನಾನು ಕೊಡಬೇಕಾದದ್ದು ಅದಕ್ಕಿಂತ ಹೆಚ್ಚಿದೆ. ನನಗೆ ನನ್ನ ಗಂಡ ಬೇಕು.

ಐಲ್ಸಾ

*

ಗೋರ್
ಆಗಸ್ಟ್ 23, 1993

ಶ್ರೀಮತಿ ಪ್ಯಾಸ್ಕೋ,

ಆಗುವುದಿಲ್ಲ.

ಇದ್ದೂ ಇಲ್ಲ ಎಂದು ನಾನು ಬರೆದಿಲ್ಲ ಎಂದು ಮೊದಲ ಪತ್ರದಲ್ಲೇ ತಿಳಿಸಿದ್ದೇನೆ. ಈ ಶೆಡ್ಡಿನಲ್ಲಿ ಉಳಿದಿರುವುದು ಸ್ವಲ್ಪ ಕಬ್ಬಿಣ, ಮತ್ತೆ ನನ್ನ ಆ ಒಂದು ಮಾತು. ಮೆಕ್‌ಫೇಲ್ ಇಲ್ಲ ಎಂದರೆ ಇಲ್ಲ ಎಂದು ಈ ದೇಶದ ಎರಡು ದ್ವೀಪದಲ್ಲೂ ಜನ ನಂಬಿ ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ನಾನು ಒಬ್ಬನಿಗೆ ಸುಳ್ಳು ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ.

ನೀವು ಗಂಡ ಹೆಂಡತಿ ಎದುರುಬದುರು ಕೂತು ಆಡಬೇಕಾದ ಮಾತು ಇದು. ಆಡುವ ಧೈರ್ಯ ಇಬ್ಬರಿಗೂ ಇಲ್ಲ. ಅವರು ಗರಗಸದ ಕೈಲಿ ಆಡಿಸಿದರು, ನೀವು ನನ್ನ ಕೈಲಿ ಆಡಿಸಲು ಹೊರಟಿದ್ದೀರಿ. ಕುತ್ತಿಗೆವರೆಗೆ ನೀರಲ್ಲಿ ನಗುವ ಹೆಂಗಸಿಗೆ ಗಾಡಿ ಓಡಿಸಲು ಏನು ರೋಗ? ನೀವೇ ಓಡಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೂಂ ಎಂದು ಬರೆದರೆ ಶಾಫ್ಟ್ ಮರುದಿನವೇ ಕಳಿಸುತ್ತೇನೆ.

ಎಚ್. ಮೆಕ್‌ಫೇಲ್

*

ಮೊಕೊರಾ ಹೊಳೆಬಾಯಿ
ಆಗಸ್ಟ್ 26, 1993

ಮೆಕ್‌ಫೇಲ್,

ಶಾಫ್ಟ್ ಕಳಿಸಿದರೆ ಅದನ್ನು ಹೊಳೆಗೆ ಎಸೆಯುತ್ತೇನೆ.

ನನಗೆ ಓಡಿಸಲು ಬರುತ್ತದೆ. ಹೆಂಡತಿ ಓಡಿಸುವ ಗಾಡಿಯಲ್ಲಿ ಟ್ಯಾಸ್ ಪ್ಯಾಸ್ಕೋ ತನ್ನ ಅಜ್ಜನ ಅಟ್ಟಣೆಗೆ ಹೋಗಿ ಇಳಿಯುವುದಿಲ್ಲ. ಆರು ಅಟ್ಟಣೆಯವರು ಬಲೆ ಬಿಟ್ಟು ನೋಡುತ್ತಾರೆ. ಅದಕ್ಕಿಂತ ಅವನು ನಡೆದೇ ಹೋಗುತ್ತಾನೆ, ಕಾಣದ ಕಣ್ಣಿನಲ್ಲಿ, ಆ ಕೆಸರಿನಲ್ಲಿ. ಅವನಿಗೆ ಅಲ್ಲಿಗೆ ಹೋಗಲು ದಾರಿಯೇ ಇಲ್ಲ ಎಂದಾಗಬೇಕು, ಅದೂ ಅವನು ನಂಬುವವನೊಬ್ಬ ಹೇಳಬೇಕು. ನೀವು ಸುಳ್ಳು ಹೇಳುವವರಲ್ಲ ಎಂದು ನಾನೇ ಅವನಿಗೆ ಹೇಳಿಬಿಟ್ಟಿದ್ದೇನೆ. ಅಷ್ಟು ಒಳ್ಳೆಯ ಹೆಸರು ನಿಮಗೆ ಯಾವ ಪುರುಷಾರ್ಥಕ್ಕೆ?

ಇವತ್ತು ಅವನು ಮೇಣಗಪ್ಪಡದ ಬೂಟಿಗೂ ಕೊಬ್ಬು ಹಚ್ಚಿ ಬಾಗಿಲಲ್ಲಿ ಇಟ್ಟ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟಿದ್ದಾನೆ. ನಾನು ಸರಿ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ನಿಮ್ಮ ಸತ್ಯವನ್ನು ಕಟ್ಟಿಕೊಂಡು ನೀವೇ ಇರಿ.

ಐಲ್ಸಾ ಪ್ಯಾಸ್ಕೋ

*

ಗೋರ್
ಆಗಸ್ಟ್ 31, 1993

ಶ್ರೀ ಟ್ಯಾಸ್ ಪ್ಯಾಸ್ಕೋ ಅವರಿಗೆ,

ನಿಮ್ಮ ಹೆಂಡತಿಯವರು ಜೂನ್‌ನಿಂದ ಕಾಗದ ಬರೆದು ಬರೆದು ನನ್ನ ಜೀವ ತಿಂದಿದ್ದಾರೆ. ಉತ್ತರ ತಡವಾಯಿತು.

ಎಂಬತ್ತೆಂಟನೇ ಬಿಟರ್ನ್ ಗಾಡಿಗೆ ನಡುವಿನ ಶಾಫ್ಟ್ ಇಲ್ಲ. ನನ್ನ ಬಳಿ ಒಂದೂ ಇಲ್ಲ. ನನ್ನ ಬಳಿ ಇಲ್ಲದಿದ್ದರೆ ಬೇರೆಲ್ಲೂ ಇಲ್ಲ. ಅವುಗಳನ್ನು ಮಾಡಿದವನು ನಾನು, ಆ ಲೇತ್ ಈಗಿಲ್ಲ, ನನ್ನ ಕೈಯೂ ಮೊದಲಿನಂತಿಲ್ಲ. ಹುಡುಕುವುದನ್ನು ಬಿಟ್ಟುಬಿಡಿ.

ನಿಮ್ಮ ಮನೆಯಿಂದ ಬಂದ ಹಳೆಯದನ್ನು ನೋಡಿದೆ. ಬೇರಿಂಗ್ ಕೂರುವ ಜಾಗ ಇಪ್ಪತ್ತೊಂದು ವರ್ಷ ಉಪ್ಪುನೀರಿನಲ್ಲಿ ಓಡಿಯೂ ಸವೆದಿಲ್ಲ. ನನ್ನ ಇನ್ನೂರ ಹನ್ನೊಂದು ಗಾಡಿಗಳಲ್ಲಿ ಇಷ್ಟು ಚೆನ್ನಾಗಿ ನೋಡಿಕೊಂಡದ್ದು ನಾನು ಇನ್ನೊಂದು ಕಂಡಿಲ್ಲ. ಕುರಿಕೊಬ್ಬಿನ ವಿಷಯದಲ್ಲಿ ನಿಮ್ಮ ತಂದೆ ಹೇಳಿದ್ದೇ ಸರಿ, ಕಾರ್ಖಾನೆಯಲ್ಲಿ ನಾವು ಹೇಳಿಕೊಟ್ಟದ್ದು ತಪ್ಪು.

ಹೆಡ್ಲಿ ಮೆಕ್‌ಫೇಲ್

*

ಗೋರ್
ಆಗಸ್ಟ್ 31, 1993

ಐಲ್ಸಾ ಪ್ಯಾಸ್ಕೋ ಅವರಿಗೆ,

ನಿಮ್ಮ ಗಂಡನಿಗೆ ಬೇರೆ ಲಕೋಟೆಯಲ್ಲಿ ಬರೆದಿದ್ದೇನೆ. ಅವರು ತಾವೇ ಓದಿಕೊಳ್ಳಲಿ ಎಂದು ದಪ್ಪ ಅಕ್ಷರದಲ್ಲಿ, ಕಪ್ಪು ಮಸಿಯಲ್ಲಿ ಬರೆದಿದ್ದೇನೆ. ನೀವು ಓದಿ ಹೇಳಲು ಹೋಗಬೇಡಿ. ಆ ಕಾಗದದಲ್ಲಿ ಒಂದೇ ಒಂದು ಸುಳ್ಳಿಲ್ಲ. ಬೇಕಾದರೆ ಈ ಪಾರ್ಸೆಲ್ ಬಿಚ್ಚಿ ನೋಡಿ, ಆದರೆ ಅವರು ಮನೆಯಲ್ಲಿಲ್ಲದಾಗ.

ಇದರಲ್ಲಿರುವುದು ಅರ್ಧ. ಇನ್ನರ್ಧ ನನ್ನ ಶೆಡ್ಡಿನ ಬಾಗಿಲಿಗೆ ಒತ್ತು ಕೊಟ್ಟಿದ್ದೇನೆ.

ನೀವು ಬಾಯಿ ಜೋರಿನ, ತಾಳ್ಮೆಯಿಲ್ಲದ ಹೆಂಗಸು. ಅಂಚೆ ಕಚೇರಿಯಲ್ಲಿ ಯಾರ ಮಾನ ತೆಗೆದಿರೋ ಅವರ ಮುಂದೆ, ಅದೇ ಸಾಲು ನಿಂತಿರುವ ಹೊತ್ತಿಗೆ ಹೋಗಿ ತಪ್ಪಾಯಿತೆನ್ನಿ. ನನಗೆ ಮತ್ತೆ ಪತ್ರ ಬರೆಯಬೇಡಿ. ಬರೆದರೂ ನಾನು ಬಿಚ್ಚುವುದಿಲ್ಲ.

ಸೋಮವಾರ ಬೆಳಿಗ್ಗೆ ಶಾಫ್ಟನ್ನು ಅಟ್ಟದಿಂದ ಇಳಿಸಿ, ನಿಮ್ಮ ಹೆಸರಿನ ಚೀಟಿ ಕಿತ್ತು, ಬೆಂಚಿನ ವೈಸಿಗೆ ಬಿಗಿದು ಗರಗಸ ಹಚ್ಚಿದೆ. ಇಪ್ಪತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಮಧ್ಯಾಹ್ನದವರೆಗೆ ಹಿಡಿಯಿತು. ನನಗೂ ಮೂರು ಸಲ ನಿಲ್ಲಿಸಬೇಕಾಯಿತು.

ಹೆಡ್ಲಿ